ಮುಚ್ಚಬೇಕಾದ ಕಿವಿ, ತೆರೆದಿಡಬೇಕಾದ ಕಿವಿ

ಚಾಮರಾಜನಗರದ ಕರಿಕಲ್ಲಿಗೆ ಹೊರದೇಶಗಳಲ್ಲೂ ಹೆಸರಿದೆ. ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬಿಳಿಕಲ್ಲಿನ ಕ್ವಾರಿಗಳಿವೆ, ಅವುಗಳ ಬೆನ್ನಿಗೇ ಜಲ್ಲಿ ಕ್ರಷರ್‌ಗಳಿವೆ. ಮೈಸೂರಿನಿಂದ ಬಂದ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆದು ಒಂದು ಕೇರಳದ ಕಡೆಗೂ ಇನ್ನೊಂದು ಊಟಿಯ ಕಡೆಗೂ ಹೋಗುವುದರಿಂದ ಪಟ್ಟಣದಲ್ಲಿ ಲಾರಿ, ಬಸ್ಸುಗಳ ಹಾರ್ನ್‌ಗೆ ಬಿಡುವಿಲ್ಲ. ಕಾಡಂಚಿನ ಊರುಗಳಲ್ಲಿ ರಾತ್ರಿ ಆನೆ, ಹಂದಿ ಓಡಿಸಲು ಪಟಾಕಿ ಸಿಡಿಸುತ್ತಾರೆ. ಹಬ್ಬ ಬಂತೆಂದರೆ ತಮಟೆ, ನಗಾರಿ, ಈಚೆಗೆ ಡಿ.ಜೆ. ಈ ಸದ್ದುಗಳಲ್ಲಿ ಕೆಲವು ಒಬ್ಬರ ಹೊಟ್ಟೆಪಾಡು, ಕೆಲವು ಇನ್ನೊಬ್ಬರ ಸಂಭ್ರಮ. ಇವುಗಳ ನಡುವೆಯೇ, ಹೊರಗೆ ಏನೂ ಕೇಳಿಸದಿದ್ದಾಗಲೂ ಕಿವಿಯೊಳಗೆ ಗುಂಯ್‌ಗುಡುವ ಸದ್ದನ್ನು ಹೊತ್ತುಕೊಂಡು ಬದುಕುವವರಿದ್ದಾರೆ. ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ, ಜನ ಕಿವಿ ಮೊರೆತ ಎನ್ನುತ್ತಾರೆ. ಜಗತ್ತಿನಾದ್ಯಂತ ನಡೆದ ಸಮೀಕ್ಷೆಗಳ ಪ್ರಕಾರ ವಯಸ್ಕರಲ್ಲಿ 100ಕ್ಕೆ 10ರಿಂದ 15 ಮಂದಿಗೆ ಇದು ಯಾವುದಾದರೂ ಪ್ರಮಾಣದಲ್ಲಿರುತ್ತದೆ. ಅವರಲ್ಲಿ ಒಂದು ಸಣ್ಣ ಪಾಲಿನವರಿಗೆ ಮೊರೆತಕ್ಕಿಂತ ದೊಡ್ಡ ಕಷ್ಟ ಅದರ ಜೊತೆ ಬರುವ ಭಯ. ಯಾವ ಸದ್ದು ತಾಗಿ ಯಾವಾಗ ಮೊರೆತ ಏರಿಬಿಡುತ್ತದೋ ಎಂಬ ಅಂಜಿಕೆಯಲ್ಲಿ ಅವರು ಮದುವೆಗೆ ಹೋಗುವುದನ್ನು ಬಿಡುತ್ತಾರೆ, ಬಸ್ಸು ಹತ್ತುವುದನ್ನು ಬಿಡುತ್ತಾರೆ, ಕೊನೆಗೆ ಮಿಕ್ಸಿ ಹಾಕುವಾಗಲೂ ಅಡುಗೆಮನೆಯಿಂದ ಎದ್ದು ಹೊರಗೆ ಹೋಗುತ್ತಾರೆ. ಈ ಜಿಲ್ಲೆಯ ಸದ್ದುಗಳನ್ನು ಮುಂದಿಟ್ಟುಕೊಂಡು ನಾನು ಹೇಳಬೇಕೆಂದಿರುವುದು ಇಷ್ಟು: ಕಿವಿ ಮುಚ್ಚಿಕೊಳ್ಳಲೇಬೇಕಾದವರು ಇಲ್ಲಿ ಬರಿಗಿವಿಯಲ್ಲಿ ದುಡಿಯುತ್ತಿದ್ದಾರೆ, ಕಿವಿ ತೆರೆದಿಟ್ಟುಕೊಂಡರೆ ಗುಣ ಕಾಣುವವರು ದಿನವಿಡೀ ಹತ್ತಿ ತುರುಕಿಕೊಂಡು ಕೂತಿದ್ದಾರೆ. ಈ ಅದಲುಬದಲು ಸರಿಹೋದರೆ ಎರಡೂ ಕಡೆಯ ನೋವು ಕಡಿಮೆಯಾಗುತ್ತದೆ.

ಮೊರೆತ ಹುಟ್ಟುವ ಬಗೆಯನ್ನು ತಿಳಿದುಕೊಂಡರೆ ಅರ್ಧ ಭಯ ಇಳಿಯುತ್ತದೆ. ಒಂದೊಂದು ಒಳಕಿವಿಯಲ್ಲೂ ಸುಮಾರು 15,000 ರೋಮಕೋಶಗಳಿವೆ. ಗಾಳಿಯ ಕಂಪನವನ್ನು ನರದ ಸಂಕೇತವಾಗಿ ಮಾರ್ಪಡಿಸುವ ಕೆಲಸ ಅವುಗಳದು. ವಯಸ್ಸಿನಿಂದಲೋ ದೊಡ್ಡ ಸದ್ದಿನಿಂದಲೋ ಇವು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸಂಕೇತ ಕಡಿಮೆಯಾದಾಗ ಮಿದುಳು ಸುಮ್ಮನಿರುವುದಿಲ್ಲ, ಕೇಳಿಸದ್ದನ್ನು ಕೇಳಿಸಿಕೊಳ್ಳಲು ತನ್ನ ಸೂಕ್ಷ್ಮತೆಯನ್ನು ಏರಿಸಿಕೊಳ್ಳುತ್ತದೆ. ದೂರದ ಸ್ಟೇಷನ್ ಹಿಡಿಯಲು ರೇಡಿಯೊದ ದನಿ ಏರಿಸಿದಾಗ ಗೊರಗೊರವೂ ಏರುವ ಹಾಗೆ, ನರಮಂಡಲದಲ್ಲಿ ಸದಾ ಇರುವ ತನ್ನಷ್ಟಕ್ಕಿನ ಚಟುವಟಿಕೆ ಆಗ ಸದ್ದಾಗಿ ಅನುಭವಕ್ಕೆ ಬರುತ್ತದೆ. ಆ ಚಟುವಟಿಕೆ ಎಲ್ಲರಲ್ಲೂ ಇದೆ. 1953ರಲ್ಲಿ ಅಮೆರಿಕದ ಹೆಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಮೊರೆತದ ದೂರೇ ಇಲ್ಲದ 80 ಮಂದಿಯನ್ನು ಶಬ್ದ ನುಸುಳದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆ ಎಂದು ಕೇಳಿದರು. 100ಕ್ಕೆ 94ರಷ್ಟು ಮಂದಿ ಗುಂಯ್, ಜುಯ್, ಸಿಳ್ಳೆ ಎಂದು ಬಗೆಬಗೆಯ ಸದ್ದನ್ನು ವರ್ಣಿಸಿದರು. ಮೊರೆತವಿರುವವರು ತಮ್ಮದೆಂದು ಹೇಳುವ ಸದ್ದುಗಳೂ ಇವೇ. ಅಂದರೆ ಪೂರ್ತಿ ನಿಶ್ಶಬ್ದದಲ್ಲಿ ಕೂರಿಸಿದರೆ ಬಹುಪಾಲು ಜನರ ಕಿವಿ ಮೊರೆಯುತ್ತದೆ.

ಹಾಗಾದರೆ ಕೆಲವರಿಗೆ ಮಾತ್ರ ಅದು ಇಷ್ಟು ಸಂಕಟವಾಗುವುದೇಕೆ? ಪೋಲೆಂಡ್ ಮೂಲದ ವಿಜ್ಞಾನಿ ಪಾವೆಲ್ ಯಾಸ್ತ್ರೆಬಾಫ್ 1990ರಲ್ಲಿ ಮುಂದಿಟ್ಟ ವಿವರಣೆ ಇಂದಿಗೂ ಚಿಕಿತ್ಸೆಯ ತಳಹದಿಗಳಲ್ಲೊಂದು. ಶ್ರವಣದ ದಾರಿಯಲ್ಲಿ ಹುಟ್ಟಿದ ಸಣ್ಣ ಸಂಕೇತಕ್ಕೆ ಮಿದುಳಿನ ಭಾವನೆಯ ಕೇಂದ್ರಗಳು ಅಪಾಯವೆಂದು ಗುರುತು ಹಾಕಿಬಿಟ್ಟರೆ ಮೈ ಎಚ್ಚರಗೊಳ್ಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ದವಡೆ ಬಿಗಿಯುತ್ತದೆ, ನಿದ್ದೆ ಹಾರುತ್ತದೆ. ಎಚ್ಚರಗೊಂಡ ಮೈ ಆ ಸದ್ದನ್ನೇ ಹುಡುಕುತ್ತದೆ, ಹುಡುಕಿದಷ್ಟೂ ಅದು ದೊಡ್ಡದಾಗಿ ಸಿಗುತ್ತದೆ. ಹೊರಗಿನ ಸದ್ದುಗಳಿಗೂ ಇದೇ ಗುರುತು ಅಂಟಿಕೊಂಡಾಗ ಕುಕ್ಕರ್ ವಿಷಲ್, ಮಕ್ಕಳ ಕಿರುಚಾಟ, ಬಸ್‌ಸ್ಟ್ಯಾಂಡಿನ ಮೈಕು ಎಲ್ಲವೂ ಬೆದರಿಕೆಯಾಗಿ ಕೇಳಿಸತೊಡಗುತ್ತವೆ. ನಿದ್ದೆಗೆಟ್ಟ ಮರುದಿನ, ನೆಗಡಿಯಾದಾಗ, ಮನೆಯಲ್ಲಿ ಜಗಳವಾದಾಗ, ಸಾಲದ ಕಂತು ತಪ್ಪಿದ ತಿಂಗಳಲ್ಲಿ ಮೊರೆತ ಏರುವುದಕ್ಕೆ ಕಾರಣ ಇದೇ. ಆ ದಿನಗಳಲ್ಲಿ ಹೊರಗಿನ ಸದ್ದು ಏರಿರುವುದಿಲ್ಲ, ಮೈಯ ಎಚ್ಚರ ಏರಿರುತ್ತದೆ.

ಇಂಥ ಹೊತ್ತಿನಲ್ಲಿ ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಕಿವಿ ಮುಚ್ಚಿಕೊಳ್ಳುವುದು. ಹತ್ತಿ, ಮಫ್ಲರ್, ಕಿಟಕಿ ಹಾಕಿದ ಕೋಣೆ. ಇದು ತಪ್ಪು ದಾರಿ ಎನ್ನುವುದಕ್ಕೆ ಗಟ್ಟಿ ಪುರಾವೆ ಇದೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಶೆಟೆ ಎಂಬ ಸಂಶೋಧಕ ಮತ್ತು ಸಂಗಡಿಗರು 18 ಮಂದಿ ಸ್ವಯಂಸೇವಕರ ಒಂದು ಕಿವಿಗೆ ಒಂದು ವಾರ ಬಿರಡೆ ಹಾಕಿಸಿದರು. ಅವರಲ್ಲಿ 14 ಮಂದಿಗೆ ಇಲ್ಲದ ಸದ್ದು ಕೇಳಿಸಿತು, ಬಿರಡೆ ತೆಗೆದ ಮೇಲೆ ಅದು ಹೋಯಿತು. 2003ರಲ್ಲಿ ಫಾರ್ಮ್‌ಬಿ ಮತ್ತು ಸಂಗಡಿಗರು ಕೆಲವರಿಗೆ ಎರಡು ವಾರ ಕಿವಿಬಿರಡೆಯನ್ನೂ ಇನ್ನು ಕೆಲವರಿಗೆ ಮೆಲುಸದ್ದು ಹೊರಡಿಸುವ ಪುಟ್ಟ ಯಂತ್ರವನ್ನೂ ಕೊಟ್ಟರು. ಬಿರಡೆ ಹಾಕಿಕೊಂಡವರಿಗೆ ಆಮೇಲೆ ಮಾಮೂಲಿ ಸದ್ದೂ ಜೋರಾಗಿ ಕೇಳಿಸತೊಡಗಿತು. ಮೆಲುಸದ್ದಿನಲ್ಲಿದ್ದವರು ಮೊದಲಿಗಿಂತ ಹೆಚ್ಚು ಸದ್ದನ್ನು ತಾಳಿಕೊಂಡರು. ಇವರೆಲ್ಲ ಸಹಜ ಶ್ರವಣವಿದ್ದವರು. ಅವರ ಕಿವಿಯೇ ಒಂದೆರಡು ವಾರದಲ್ಲಿ ಹೀಗೆ ಬದಲಾದರೆ, ಮೊದಲೇ ಮೊರೆಯುವ ಕಿವಿಗೆ ತಿಂಗಳುಗಟ್ಟಲೆ ಹತ್ತಿ ಇಟ್ಟರೆ ಏನಾದೀತೆಂದು ಊಹಿಸುವುದು ಕಷ್ಟವಲ್ಲ. ಹತ್ತಿ ತೆಗೆದಾಗ ಲೋಕವೆಲ್ಲ ಅಬ್ಬರಿಸಿದಂತಾಗುತ್ತದೆ, ಹತ್ತಿ ಇಲ್ಲದೆ ಆಗುವುದೇ ಇಲ್ಲ ಎಂಬ ನಂಬಿಕೆ ಇನ್ನಷ್ಟು ಬೇರೂರುತ್ತದೆ.

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಏಳುತ್ತದೆ. ದೊಡ್ಡ ಸದ್ದಿನಿಂದಲೇ ಮೊರೆತ ಹುಟ್ಟಿದ್ದರೆ ಸದ್ದಿಗೆ ಅಂಜುವುದು ತಪ್ಪು ಹೇಗಾದೀತು? ತಪ್ಪಲ್ಲ. ಆದರೆ ಅಂಜಿಕೆಗೆ ಅಳತೆ ಬೇಕು, ಅಳತೆ ಎರಡು: ಸದ್ದು ಎಷ್ಟು ದೊಡ್ಡದು, ಎಷ್ಟು ಹೊತ್ತು. ಅಮೆರಿಕದ ನಿಯೋಶ್ ಸಂಸ್ಥೆ ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ, 109ಕ್ಕೆ ಎರಡು ನಿಮಿಷವೂ ಇಲ್ಲ. ಮಿಕ್ಸಿಯ ಸದ್ದು 90 ಎಂದೇ ಇಟ್ಟುಕೊಂಡರೂ ಈ ಲೆಕ್ಕದಲ್ಲಿ ಎರಡೂವರೆ ಗಂಟೆಯ ಅವಕಾಶವಿದೆ. ಚಟ್ನಿ ಅರೆಯಲು ಎರಡು ನಿಮಿಷ ಸಾಕು. ಕಾಡಂಚಿನ ಪಟಾಕಿಯನ್ನೂ ಹೀಗೇ ಲೆಕ್ಕ ಹಾಕಬಹುದು. ನಮ್ಮ ನಿಯಮದ ಪ್ರಕಾರ ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಸದ್ದು 125 ಡೆಸಿಬೆಲ್ ಮೀರಬಾರದು. ಬಯಲಿನಲ್ಲಿ ದೂರ ಇಮ್ಮಡಿಸಿದಂತೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 4 ಮೀಟರಿನಿಂದ 8, 16, 32 ಎಂದು ಇಮ್ಮಡಿಸುತ್ತ ಏಳನೆಯ ಸಲಕ್ಕೆ 512 ಮೀಟರ್ ಆಗುತ್ತದೆ, ಅಷ್ಟರಲ್ಲಿ 42 ಡೆಸಿಬೆಲ್ ಇಳಿದು 83 ಉಳಿಯುತ್ತದೆ. ಅದೂ ಕ್ಷಣಮಾತ್ರ. ಅರ್ಧ ಕಿಲೋಮೀಟರ್ ಆಚೆಯ ಹೊಲದಲ್ಲಿ ಸಿಡಿದ ಸದ್ದಿಗೆ ಮನೆಯೊಳಗೆ ಬೆಚ್ಚಿಬಿದ್ದವರ ಎದೆ ಹೊಡೆದುಕೊಳ್ಳುವುದು ನಿಜ, ಆ ರಾತ್ರಿ ಮೊರೆತ ಏರುವುದೂ ನಿಜ. ಆದರೆ ಅವರ ಒಳಕಿವಿಗೆ ಏಟು ಬಿದ್ದಿಲ್ಲ. ಬೆಚ್ಚಿದ್ದರಿಂದ ಏರಿದ ಮೊರೆತ ಬೆಚ್ಚು ಇಳಿದಂತೆ ಇಳಿಯುತ್ತದೆ. ಕಿವಿ ಇನ್ನಷ್ಟು ಹಾಳಾಯಿತು ಎಂದು ಎಣಿಸಿದವರಿಗೆ ಆ ಎಣಿಕೆಯೇ ಇಳಿಯಲು ಬಿಡುವುದಿಲ್ಲ.

ಅದೇ ಪಟಾಕಿಯನ್ನು ಕೈಯಲ್ಲಿ ಹಚ್ಚಿ ಎಸೆಯುವವನ ಕಥೆ ಬೇರೆ. 4 ಮೀಟರಿಗೆ 125 ಇರುವುದು ಒಂದು ಮೀಟರಿಗೆ 137 ಆಗುತ್ತದೆ. 140ರ ಆಸುಪಾಸಿನ ಸಿಡಿತ ಒಂದೇ ಒಂದಾದರೂ ರೋಮಕೋಶಗಳನ್ನು ಶಾಶ್ವತವಾಗಿ ಕೆಡಿಸಬಲ್ಲದು. ಬೆಳೆ ಕಾಯಲು ಅಟ್ಟಣೆಯ ಮೇಲೆ ರಾತ್ರಿ ಕಳೆಯುವ ರೈತ, ಆನೆ ಓಡಿಸಲು ಹೋಗುವ ಅರಣ್ಯ ಇಲಾಖೆಯ ವಾಚರ್ ಇಬ್ಬರೂ ಈ ದೂರದಲ್ಲಿರುವವರು. ಕ್ವಾರಿಯಲ್ಲಿ ಕುಳಿ ಹೊಡೆಯುವವರನ್ನು ನೋಡಿ. ಕಂಪ್ರೆಸರ್‌ಗೆ ಕಟ್ಟಿದ ಜಾಕ್‌ಹ್ಯಾಮರ್ ಬಂಡೆಗೆ ಇಳಿಯುವಾಗ ಹಿಡಿದವನ ಕಿವಿಯ ಬಳಿ ಸದ್ದು 100ನ್ನು ಸಲೀಸಾಗಿ ದಾಟುತ್ತದೆ, 110ರ ಮೇಲೂ ಹೋಗುತ್ತದೆ. ಮೇಲಿನ ಲೆಕ್ಕದ ಪ್ರಕಾರ ಅಲ್ಲಿ ಅವನಿಗಿರುವ ಸುರಕ್ಷಿತ ಕಾಲ ನಿಮಿಷಗಳಲ್ಲಿ. ಅವನು ಪಾಳಿಯೆಲ್ಲ ಹಿಡಿದಿರುತ್ತಾನೆ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಡ್ಡ ಕುಸಿದು ಕ್ವಾರಿಯ ಕಾರ್ಮಿಕರು ಸತ್ತಾಗ ಗಣಿಯ ಸುರಕ್ಷತೆಯ ಬಗ್ಗೆ ಒಂದಷ್ಟು ದಿನ ಮಾತು ನಡೆಯಿತು. ಗುಡ್ಡ ಕುಸಿದರೆ ಕಾಣುತ್ತದೆ, ದೂಳೂ ಕಾಣುತ್ತದೆ. ಕಿವಿ ಕುಸಿಯುವುದು ಕಾಣುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಜ್ ಆಸುಪಾಸಿನ ತೀಕ್ಷ್ಣ ಸ್ವರಗಳು, ಅಂದರೆ ಮಾತಿನಲ್ಲಿ ಸ, ಶ, ತ, ಕ ದಂಥ ವ್ಯಂಜನಗಳು. ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮನೆಯವರು ಇವನು ಗಮನ ಕೊಡುವುದಿಲ್ಲ ಎಂದುಕೊಳ್ಳುತ್ತಾರೆ. ಕೆಲಸ ಮುಗಿಸಿ ಬಂದ ಸಂಜೆ ಕಿವಿ ಮೊರೆಯುತ್ತದೆ, ಬೆಳಿಗ್ಗೆಗೆ ಹೋಗಿರುತ್ತದೆ, ಹೀಗೇ ಕೆಲವು ವರ್ಷ. ಒಂದು ಬೆಳಿಗ್ಗೆ ಅದು ಹೋಗಿರುವುದಿಲ್ಲ.

ಈ ಜನಕ್ಕೆ ಬೇಕಾದ ರಕ್ಷಣೆ ಹತ್ತಿಯಿಂದ ಸಿಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಒಣ ಹತ್ತಿ ತಡೆಯುವ ಸದ್ದು ಅತ್ಯಲ್ಪ. ಹಿಂಡಿದರೆ ಕುಗ್ಗುವ ಫೋಮ್ ಬಿರಡೆ ಸರಿಯಾಗಿ ಕೂತರೆ 20 ಡೆಸಿಬೆಲ್‌ಗೂ ಹೆಚ್ಚು ಇಳಿಸುತ್ತದೆ, ಬೆಲೆಯೂ ಬಲು ಕಡಿಮೆ. ಸರಿಯಾಗಿ ಕೂರಿಸುವುದಕ್ಕೆ ಕ್ರಮವಿದೆ. ಶುದ್ಧವಾದ ಬೆರಳುಗಳಲ್ಲಿ ಬಿರಡೆಯನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಬಿರಡೆಯನ್ನು ಒಳಗೆ ಸೇರಿಸಿ ಅದು ಅರಳುವವರೆಗೆ ಅರ್ಧ ನಿಮಿಷ ಬೆರಳಿನಲ್ಲಿ ಒತ್ತಿ ಹಿಡಿಯಬೇಕು. ತನ್ನ ದನಿ ತನಗೇ ಬಾವಿಯೊಳಗಿನಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಹೊಸೆಯದೆ ಕಿವಿಯ ಬಾಯಿಗಿಟ್ಟ ಬಿರಡೆ ಇದ್ದೂ ಇಲ್ಲದಂತೆ. ಜಾಕ್‌ಹ್ಯಾಮರ್ ಹಿಡಿಯುವವರಿಗೆ ಬಿರಡೆಯ ಮೇಲೆ ಇಯರ್‌ಮಫ್ ಕೂಡ ಬೇಕು. ಬಿರಡೆ ಹಾಕಿದರೆ ಎಚ್ಚರಿಕೆಯ ಕೂಗು ಕೇಳದೆ ಅಪಾಯವಾಗುತ್ತದೆ ಎಂದು ಕೆಲಸಗಾರರು ಹೇಳುವುದರಲ್ಲಿ ಸತ್ಯಾಂಶವಿದೆ. ಅದಕ್ಕಾಗಿ ಬಂಡೆಗೆ ಮದ್ದು ಸಿಡಿಸುವ ಮುಂಚೆ ಬಾವುಟ, ಬೆಳಕಿನ ಸಂಕೇತ ಬಳಸಬೇಕು. ಹಾಗೆ ನೋಡಿದರೆ ಕಿವಿ ಕೆಟ್ಟವನಿಗೆ ಆ ಕೂಗು ಬಿರಡೆ ಇಲ್ಲದಾಗಲೂ ಕೇಳುವುದಿಲ್ಲ. ತಮಟೆಯವರ ಮಾತೂ ಇಲ್ಲಿ ಬರಬೇಕು. ಸಾಲಾಗಿ ನಿಂತು ಗಂಟೆಗಟ್ಟಲೆ ಬಾರಿಸುವ ಕಲಾವಿದರ ಕಿವಿಗೆ ಪಕ್ಕದವನ ತಮಟೆಯ ಸದ್ದೂ ಬೀಳುತ್ತದೆ. ಸ್ವರ ಕೆಡಿಸದೆ ಸದ್ದು ಮಾತ್ರ ಇಳಿಸುವ ಬಿರಡೆಗಳನ್ನು ಬೇರೆ ದೇಶಗಳ ವಾದ್ಯಗಾರರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ನಮ್ಮ ಕಲಾವಿದರಿಗೆ ಗೌರವಧನದ ಜೊತೆ ಅವನ್ನೂ ಕೊಡುವುದು ಸಂಸ್ಕೃತಿ ಇಲಾಖೆಗೆ ಹೊರೆಯೇನಲ್ಲ.

ಇನ್ನು ಮೊರೆತ ಏರಿದ ದಿನ ಏನು ಮಾಡಬೇಕು? ಹಿಂದಿನ ದಿನ ನಿಜವಾಗಿಯೂ ದೊಡ್ಡ ಸದ್ದಿಗೆ ಬಿದ್ದಿದ್ದರೆ ಕಿವಿಗೆ ಒಂದೆರಡು ದಿನ ಬಿಡುವು ಕೊಡಬೇಕು. ಬಿಡುವು ಎಂದರೆ ಮತ್ತೆ ಡಿ.ಜೆ. ಮುಂದೆ ನಿಲ್ಲದಿರುವುದು, ಮಾಮೂಲಿ ಮಾತುಕತೆ, ಫ್ಯಾನು, ರಸ್ತೆಯ ಸದ್ದು ಇರಲಿ. ನಿಶ್ಶಬ್ದದ ಕೋಣೆ ಹುಡುಕಬಾರದು. ರಾತ್ರಿ ಫ್ಯಾನಿನ ಸದ್ದೋ ಮೆಲ್ಲಗೆ ಹಾಕಿದ ಆಕಾಶವಾಣಿಯೋ ಹಿನ್ನೆಲೆಯಲ್ಲಿರಬೇಕು, ಮೊರೆತವನ್ನು ಪೂರ್ತಿ ಮುಳುಗಿಸುವಷ್ಟು ಜೋರಾಗಿ ಮಾತ್ರ ಬೇಡ. ಮೊರೆತ ಒಂದಿಷ್ಟು ಕೇಳುತ್ತಲೇ ಇದ್ದರೆ ಇದು ಅಪಾಯವಲ್ಲ ಎಂಬ ಪಾಠ ಮಿದುಳಿಗೆ ಹತ್ತುತ್ತದೆ. ಗಳಿಗೆಗೊಮ್ಮೆ ಕಿವಿಗೆ ಕೈಯಿಟ್ಟು ಏರಿತೋ ಇಳಿಯಿತೋ ಎಂದು ಪರೀಕ್ಷಿಸುವ ಅಭ್ಯಾಸ ಬಿಡುವುದು ಕಷ್ಟ, ಬಿಟ್ಟರೆ ಲಾಭ ದೊಡ್ಡದು. ಬಿಗಿದ ದವಡೆ, ಕತ್ತು ಸಡಿಲಿಸಿ ನಿಧಾನವಾಗಿ ಉಸಿರು ಬಿಡುವುದರಿಂದ ಮೈಯ ಎಚ್ಚರ ಇಳಿಯುತ್ತದೆ. ಭಯದಿಂದ ಬಿಟ್ಟುಬಿಟ್ಟ ಸದ್ದುಗಳಿಗೆ ಮೆಲ್ಲಮೆಲ್ಲಗೆ ಮರಳಬೇಕು. ಮೊದಲು ಮಿಕ್ಸಿ ಓಡುವಾಗ ಪಕ್ಕದ ಕೋಣೆಯಲ್ಲಿ, ಆಮೇಲೆ ಬಾಗಿಲಲ್ಲಿ, ಆಮೇಲೆ ಒಲೆಯ ಮುಂದೆ. ಸಂತೆಗೆ ಜನ ಸೇರುವ ಮುಂಚೆ ಹೋಗಿ, ವಾರ ಕಳೆದಂತೆ ಹೊತ್ತು ಮುಂದೂಡಿ. ಬಿರಡೆ ಜೇಬಿನಲ್ಲಿರಲಿ. ಗಣಪತಿ ಮೆರವಣಿಗೆಯ ಡಿ.ಜೆ. ಎದುರಾದರೆ ಹಾಕಿಕೊಳ್ಳಿ, ಅದು ದಾಟಿದ ಮೇಲೆ ತೆಗೆಯಿರಿ. ಕಿವಿಗೆ ಕಾಯಿಸಿದ ಎಣ್ಣೆ ಬಿಡುವುದನ್ನು ಮಾತ್ರ ನಿಲ್ಲಿಸಿ. ಕಿವಿತಮಟೆಯಲ್ಲಿ ತೂತಿದ್ದರೆ, ಅಂದರೆ ಕಿವಿಯ ಪರದೆ ಹರಿದಿದ್ದರೆ, ಎಣ್ಣೆ ಒಳಗಿಳಿದು ಸೋಂಕು ತರುತ್ತದೆ.

ಇದನ್ನೆಲ್ಲ ಓದಿದ ಒಬ್ಬರು ಕೇಳಬಹುದು: ಕಾಯಿಲೆ ನನ್ನ ಮನಸ್ಸಿನ ಕಲ್ಪನೆ ಎನ್ನುತ್ತೀರಾ, ಒಗ್ಗಿಸಿಕೋ ಎಂದು ಕೈತೊಳೆದುಕೊಳ್ಳುತ್ತೀರಾ? ಹಾಗಲ್ಲ. ಸದ್ದು ನಿಜ, ಅದರ ಹಿಂದಿನ ನರದ ಬದಲಾವಣೆ ನಿಜ. ಆದರೆ ಆ ಸದ್ದನ್ನೇ ಅಳಿಸುವ ಮಾತ್ರೆ ಇವತ್ತಿಗೆ ಇಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸತು, ಗಿಂಕೊ ಮುಂತಾದ ಪೂರಕಗಳನ್ನು ಮೊರೆತಕ್ಕೆ ಕೊಡಬಾರದೆಂದು ಹೇಳಿ, ಶ್ರವಣದೋಷವಿದ್ದರೆ ಶ್ರವಣಯಂತ್ರವನ್ನೂ ಸಂಕಟ ಹೆಚ್ಚಿದ್ದವರಿಗೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಆಪ್ತಸಮಾಲೋಚನೆಯನ್ನೂ ಸೂಚಿಸಿತು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ 492 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಮಾಮೂಲಿ ಆರೈಕೆ, ಇನ್ನೊಂದಕ್ಕೆ ಈ ಸಮಾಲೋಚನೆಯನ್ನೊಳಗೊಂಡ ಆರೈಕೆ ನೀಡಿದರು. ವರ್ಷ ಕಳೆದಾಗ ಎರಡನೆಯ ಗುಂಪಿನವರ ಬದುಕು ಹೆಚ್ಚು ಹಗುರಾಗಿತ್ತು. ಮೊರೆತದ ಜೋರನ್ನು ಇಳಿಸುವುದಕ್ಕಿಂತ ಅದರ ಕಾಟವನ್ನು ಇಳಿಸುವುದು ಇದರ ಗುರಿ. ಇದು ಅರ್ಧ ಚಿಕಿತ್ಸೆ ಎಂದು ಯಾರಾದರೂ ಹೇಳಿದರೆ ಒಪ್ಪುವೆ. ಆದರೆ ನಿದ್ದೆ ಮರಳಿದವರಿಗೆ, ಮಗಳ ಮದುವೆಯ ಓಲಗದ ಮುಂದೆ ಕೂರಲು ಸಾಧ್ಯವಾದವರಿಗೆ ಆ ಅರ್ಧ ಸಣ್ಣದಲ್ಲ.

ಇದೆಲ್ಲ ದೊಡ್ಡ ಊರಿನವರ ಭಾಗ್ಯ, ನಮಗೆಲ್ಲಿ ಎನ್ನುವುದು ಇನ್ನೊಂದು ದೂರು. ದೂರಿನಲ್ಲಿ ನ್ಯಾಯವಿದೆ, ಆದರೂ ಚಾಮರಾಜನಗರದವರಿಗೆ ಒಂದು ಅನುಕೂಲವಿದೆ. ಈ ವಿಷಯದಲ್ಲಿ ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಅದು ಸುಮಾರು 60 ಕಿಲೋಮೀಟರ್. ಜಿಲ್ಲಾ ಕೇಂದ್ರದ ಬಳಿಯ ಯಡಪುರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಭಯ, ನಿದ್ದೆಗೇಡು ತಡೆಯಲಾಗದಾಗ, ಬದುಕೇ ಬೇಡ ಎನಿಸಿದಾಗ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಕೆಲವು ಲಕ್ಷಣಗಳಿಗೆ ಮಾತ್ರ ಕಾಯಬಾರದು. ಒಂದೇ ಕಿವಿಯಲ್ಲಿ ಮೊರೆತವಿದ್ದರೆ, ನಾಡಿಯ ಬಡಿತಕ್ಕೆ ಸರಿಯಾಗಿ ಸದ್ದು ಬರುತ್ತಿದ್ದರೆ, ತಲೆಸುತ್ತೋ ಮುಖದ ಸೊಟ್ಟವೋ ಜೊತೆಗಿದ್ದರೆ ವೈದ್ಯರಿಗೆ ತೋರಿಸಬೇಕು. ರಾತ್ರಿ ಬೆಳಗಾಗುವುದರೊಳಗೆ ಒಂದು ಕಿವಿ ಕೇಳದಂತಾದರೆ ಆ ದಿನವೇ ಹೋಗಬೇಕು, ಏಕೆಂದರೆ ಅದಕ್ಕೆ ಕೊಡುವ ಸ್ಟಿರಾಯ್ಡ್ ಚಿಕಿತ್ಸೆ ಫಲಿಸುವುದು ಮೊದಲ ದಿನಗಳಲ್ಲಿ.

ರೋಗಿಯೇ ಸದ್ದಿಗೆ ಒಗ್ಗಿಕೊಳ್ಳಲಿ ಎಂದರೆ ಸದ್ದು ಮಾಡುವವರಿಗೆ ರಹದಾರಿ ಕೊಟ್ಟಂತಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗಾಗಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಇದನ್ನು ಜಾರಿ ಮಾಡಿದರೆ ಆಚರಣೆಗೆ ಧಕ್ಕೆ ಎನ್ನುವವರಿಗೆ ಆಷಾಢದ ಚಾಮರಾಜೇಶ್ವರನ ತೇರನ್ನು ನೆನಪಿಸಬೇಕು. ನವದಂಪತಿಗಳು ಹಣ್ಣು-ಜವನ ಎಸೆಯುವ ಆ ಸಡಗರಕ್ಕೆ ಎದೆ ನಡುಗಿಸುವ ಸ್ಪೀಕರ್ ಬೇಕಾಗಿಲ್ಲ. ಜಾರಿಯಾಗದ ಮಾತು ಎನ್ನುವವರು ಬಂಡೀಪುರದ ರಸ್ತೆಯನ್ನು ನೋಡಲಿ. ಕಾಡುಪ್ರಾಣಿಗಳಿಗಾಗಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ತಡೆಯುವ ಆದೇಶ 2009ರಲ್ಲಿ ಬಂದಾಗ ಎಷ್ಟು ವಿರೋಧವಿತ್ತು. ತಡೆ ಉಳಿದಿದೆ, ವ್ಯಾಪಾರವೂ ನಡೆದಿದೆ.

ಎಲ್ಲಕ್ಕಿಂತ ತುರ್ತಾಗಿ ಆಗಬೇಕಾದ ಕೆಲಸ ಕ್ವಾರಿ ಮತ್ತು ಕ್ರಷರ್‌ಗಳಲ್ಲಿದೆ. ಸದ್ದಿನಿಂದಾಗುವ ಕಿವುಡು 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲೇ ಔದ್ಯೋಗಿಕ ಕಾಯಿಲೆಯಾಗಿ ಸೇರಿತ್ತು. ಕಾರ್ಮಿಕ ಪರಿಹಾರ ಕಾಯ್ದೆಯೂ ಅದನ್ನು ಒಪ್ಪಿತ್ತು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1975ರಷ್ಟು ಹಿಂದೆಯೇ ಸದ್ದಿಗೆ 90 ಡೆಸಿಬೆಲ್ ಮಿತಿಯನ್ನು ಸುತ್ತೋಲೆಯಲ್ಲಿ ಹಾಕಿಕೊಟ್ಟಿದೆ. ಆದರೆ ಪರಿಹಾರ ಕೇಳಲು ಹೋದ ಕಾರ್ಮಿಕನನ್ನು ಮೊದಲು ಕೇಳುವ ಪ್ರಶ್ನೆ, ಕೆಲಸಕ್ಕೆ ಸೇರುವಾಗ ನಿನ್ನ ಕಿವಿ ಸರಿಯಿತ್ತು ಎನ್ನುವುದಕ್ಕೆ ದಾಖಲೆ ಏನು ಎಂಬುದು. ಅದಕ್ಕೆ ಬೇಕಾದದ್ದು ಅರ್ಧ ಗಂಟೆಯೊಳಗೆ ಮುಗಿಯುವ ಒಂದು ಆಡಿಯೊಗ್ರಾಮ್. ಸೇರಿದ ವಾರದಲ್ಲಿ ಒಂದು, ಆಮೇಲೆ ವರ್ಷಕ್ಕೊಂದು. ಎರಡು ವರ್ಷದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ 4,000 ಹರ್ಟ್ಜ್ ಬಳಿ ಗೆರೆ ತಗ್ಗುವುದು ಕಾರ್ಮಿಕನಿಗೆ ಮಾತು ತಪ್ಪತೊಡಗುವ ಎಷ್ಟೋ ಮುಂಚೆ ಕಾಣುತ್ತದೆ. ಕ್ವಾರಿ ಲೈಸೆನ್ಸ್ ನವೀಕರಣಕ್ಕೆ ಈ ಹಾಳೆಗಳನ್ನು ಲಗತ್ತಿಸಲೇಬೇಕೆಂದು ಜಿಲ್ಲಾಡಳಿತ ಕೇಳಲಿ. ಆನೆ ಓಡಿಸಲು ಪಟಾಕಿ ಹಂಚುವಾಗ ಅರಣ್ಯ ಇಲಾಖೆ ಪ್ರತಿ ಕಟ್ಟಿನ ಜೊತೆ ಒಂದು ಜೊತೆ ಬಿರಡೆಯನ್ನೂ ಕೊಡಲಿ.